ಬೆಳಗಿನ ಫೈಲು

ಆ ಮನೆಯಲ್ಲಿ ಅದಕ್ಕೆ ಇಸ್ತ್ರಿ ಅಂತಲೇ ಹೆಸರು. ಕೀಬೋರ್ಡಿನಲ್ಲಿ ಬಾರಿಸಿದ ಸ್ವರಗಳೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಪಟ್ಟಿಗಳಾಗಿ ಬಂದು ಕೂರುತ್ತಿದ್ದವು. ಪಟ್ಟಿಗಳ ಹಿಂದೆ ತಾಳದ ಗೆರೆಗಳು. ಮನುಷ್ಯನ ಕೈ ಅಂದಮೇಲೆ ಒಂದು ಸ್ವರ ಗೆರೆಗಿಂತ ಕೂದಲೆಳೆ ಮುಂಚೆ ಬೀಳುತ್ತದೆ, ಇನ್ನೊಂದು ಕೂದಲೆಳೆ ತಡವಾಗಿ. ಎಲ್ಲವನ್ನೂ ಆರಿಸಿ ಒಂದು ಗುಂಡಿ ಒತ್ತಿದರೆ ಸಾಕು, ಪಟ್ಟಿಗಳು ಸರಿದು ಗೆರೆಗೆ ಮೂಗು ಹಚ್ಚಿ ನಿಲ್ಲುತ್ತವೆ. ಸುಕ್ಕು ಹೋಯಿತು, ಇಸ್ತ್ರಿ ಆಯಿತು.

ಸೀಕ್ವೆನ್ಸರ್ ಎಂಬ ಆ ಪ್ರೋಗ್ರಾಮಿಗೆ ಮಾವ ಬರೀ ‘ಮಿಷನ್’ ಅನ್ನುತ್ತಿದ್ದರು. ಅದರ ಮುಂದೆ ದಿನಕ್ಕೆ ಆರು ಗಂಟೆ ಕೂರುವ ಸೊಸೆಗೆ ‘ಇನ್‌ಸ್ಪೆಕ್ಟರಮ್ಮ’ ಅನ್ನುತ್ತಿದ್ದರು. ಮನೆಯ ಹಿಂದಿನ ಕೋಣೆಯೇ ಅವರ ಸ್ಟುಡಿಯೊ. ಗೋಡೆಗೆಲ್ಲ ಬೂದು ಸ್ಪಂಜು ಅಂಟಿಸಿತ್ತು, ಕಿಟಕಿಗೆ ಹಳೆಯ ಹಾಸಿಗೆ ಆನಿಸಿತ್ತು. ಅಲ್ಲಿ ಹುಟ್ಟುತ್ತಿದ್ದದ್ದು ಯಾರೂ ಕೂತು ಕೇಳುವಂಥ ಸಂಗೀತವಲ್ಲ. ಈಜುಕೊಳದಲ್ಲಿ ಮಂಡಿನೋವಿನ ಹೆಂಗಸರು ಸೊಂಟದುದ್ದ ನೀರಲ್ಲಿ ನಿಂತು ಕಾಲೆತ್ತುವುದಕ್ಕೆ, ನೃತ್ಯಶಾಲೆಯ ಮಕ್ಕಳು ಒಂದೇ ಹೆಜ್ಜೆಯನ್ನು ನಲವತ್ತು ಸಲ ಇಡುವುದಕ್ಕೆ, ವ್ಯಾಯಾಮಶಾಲೆಯವರು ಬಗ್ಗಿ ಏಳುವುದಕ್ಕೆ ಬೇಕಾದ ಸಂಗೀತ. ತಾಳ ತಪ್ಪಿದರೆ ನೀರಿನಲ್ಲಿದ್ದವರ ಕಾಲು ತಪ್ಪುತ್ತದೆ. ಹಾಗಾಗಿ ಅಲ್ಲಿ ರಾಗಕ್ಕಿಂತ ಗೆರೆ ದೊಡ್ಡದು.

ಈ ಅಂಗಡಿ ಕಟ್ಟಿದವನು ಮಗ. ಅಂದರೆ ಅವಳ ಗಂಡ. ಐದು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವನು ಎರಡು ಸೂಟ್‌ಕೇಸ್ ಹಿಡಿದು ಇದೇ ಕೋಣೆಯ ಬಾಗಿಲಲ್ಲಿ ನಿಂತು, “ಹೋಗ್ತಿದೀನಿ” ಅಂದ. ಎಲ್ಲಿಗೆ, ಯಾರ ಜೊತೆಗೆ ಅನ್ನುವುದು ಹದಿನೈದು ದಿನದಿಂದ ಗೊತ್ತಿದ್ದ ವಿಷಯವೇ. ಅವಳು ಯಾವುದೋ ತಬಲದ ಟ್ರ್ಯಾಕಿಗೆ ಇಸ್ತ್ರಿ ಹಾಕುತ್ತಿದ್ದಳು. ಹೆಡ್‌ಫೋನಿನ ಒಂದು ಕಿವಿ ಸರಿಸಿ, “ಬಾಗಿಲು ಎಳ್ಕೊಂಡು ಹೋಗಿ, ಸದ್ದು ಬರತ್ತೆ” ಅಂದಳು. ಅವನು ಎಳೆದುಕೊಂಡು ಹೋದ. ಅವಳು ಟ್ರ್ಯಾಕ್ ಮುಗಿಸಿದಳು. ಅಳು ಆಮೇಲೆ ಬರಬಹುದು ಅಂತ ಕಾದಳು. ಬರಲಿಲ್ಲ. ಜೋಮು ಹಿಡಿದ ಕಾಲು ಹೇಗೆ ಇದ್ದೂ ಇಲ್ಲವೋ ಹಾಗೆ ಏನೋ ಒಂದು ಒಳಗೆ ಕೂತಿತು. ಅವಳು ಅದರ ಮೇಲೇ ಭಾರ ಹಾಕಿ ಓಡಾಡುವುದನ್ನು ಕಲಿತಳು.

ಮಾವ ಮಗನ ಹೆಸರು ಎತ್ತುವುದನ್ನು ಬಿಟ್ಟರು. ಮಾರನೆಯ ದಿನ ಬೆಳಿಗ್ಗೆ ಎಂಟೂವರೆಗೆ ಎಂದಿನಂತೆ ಬಂದು ಕೀಬೋರ್ಡಿನ ಮುಂದೆ ಕೂತು, “ಈಜುಕೊಳದವರಿಗೆ ಇವತ್ತೇ ಕೊಡಬೇಕಲ್ವಾ?” ಅಂದರು. ಅಷ್ಟೇ.

ಅವಳ ತಾಯಿ ಮಾತ್ರ ಭಾನುವಾರ ಭಾನುವಾರ ಫೋನ್ ಮಾಡಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. “ಕಟ್ಕೊಂಡವನೇ ಇಲ್ಲ. ಅವನಪ್ಪನ ಮನೇಲಿ ನಿನಗೇನು ಕೆಲಸ ಕಣೇ?”

“ಕೆಲಸಾನೇ ಅಮ್ಮ. ತುಂಬ ಇದೆ.”

“ಆ ಮುದುಕ ಬಾರಿಸೋದು ನಿಲ್ಲಿಸಿದ ದಿನ?”

“ಆವತ್ತು ನೋಡೋಣ.”

ಆ ದಿನ ಬರದಂತೆ ನೋಡಿಕೊಳ್ಳುವುದೇ ತನ್ನ ಕೆಲಸ ಆಗಿಬಿಟ್ಟಿದೆ ಅಂತ ಅವಳು ತಾಯಿಗೆ ಹೇಳಲಿಲ್ಲ.

ಸಂಗತಿ ಇಷ್ಟು. ಮಾವನ ಟ್ರ್ಯಾಕಿಗೆ ಇಸ್ತ್ರಿ ಹಾಕಬಾರದು ಅನ್ನುವುದು ಮನೆಯ ಕಾನೂನು. ಐವತ್ತು ವರ್ಷ ಬಾರಿಸಿದ ಕೈ. “ನಂದು ಕೈಯಲ್ಲೇ ಇಸ್ತ್ರಿ ಆಗಿ ಬರತ್ತೆ” ಅಂತ ಅವರ ಜಂಬ, ಜಂಬಕ್ಕೆ ತಕ್ಕ ಕೈ. ಆದರೆ ಏಳು ವಾರದ ಹಿಂದೆ ಈಜುಕೊಳದ ಒಂದು ತುಣುಕಿನಲ್ಲಿ ಎಡಗೈಯ ಸ್ವರಗಳು ಬಲಗೈಯ ಹಿಂದೆ ಕಾಲೆಳೆದುಕೊಂಡು ಬರುತ್ತಿದ್ದವು. ಮೂರು ಗಂಟೆಗೆ ಕಳಿಸಬೇಕಿತ್ತು, ಎರಡೂ ಮುಕ್ಕಾಲಾಗಿತ್ತು. ಮಾವ ಊಟ ಮಾಡಿ ಮಲಗಿದ್ದರು. ಅವಳು ಎಡಗೈಯ ಸ್ವರಗಳನ್ನು ಆರಿಸಿ ಗುಂಡಿ ಒತ್ತಿದಳು. ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಮತ್ತೆ. ಅದರ ಮರುದಿನ ಅದು ಅಭ್ಯಾಸ.

ಮಾವನಿಗೂ ಏನೋ ಅನ್ನಿಸಿತ್ತು. ಬಾರಿಸುವಾಗ ಹೆಡ್‌ಫೋನಿನಲ್ಲಿ ತಮ್ಮದೇ ಎಡಗೈ ತಡವಾಗಿ ಕೇಳಿಸುತ್ತಿತ್ತಲ್ಲ. “ಮಿಷನ್ ಎಳೀತಿದೆ ಕಣಮ್ಮ” ಅಂದರು. ಅವಳು ಕೇಬಲ್ ಬದಲಾಯಿಸಿದಳು. ಎರಡು ವಾರ ಕಳೆದು ಮತ್ತೆ ಅದೇ ದೂರು. ಇನ್ನೊಂದು ಕೇಬಲ್ ತಂದು ಹಾಕಿದಳು. ಸಂಜೆ ಸಿದ್ಧವಾದ ತುಣುಕನ್ನು ಸ್ಪೀಕರಿನಲ್ಲಿ ಕೇಳಿಸಿಕೊಂಡು ಮಾವ ತಲೆದೂಗುತ್ತಿದ್ದರು. “ನೋಡು, ಕೈಯಲ್ಲಿ ಏನೂ ಇಲ್ಲ. ಎಲ್ಲ ಆ ಹಾಳು ವೈರಿನದ್ದು.”

ಅವಳು ಹೂಂ ಅನ್ನುತ್ತಿದ್ದಳು.

ಬುಧವಾರ ಮಧ್ಯಾಹ್ನ ನೃತ್ಯಶಾಲೆಯ ಟೀಚರಮ್ಮನ ಫೋನ್ ಬಂತು. ಶನಿವಾರ ಮಕ್ಕಳ ಪರೀಕ್ಷೆ, ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ರೆಕಾರ್ಡಿಂಗ್ ಬೇಡ ಅಂತ ಈ ಸಲ ಹಟ ಹಿಡಿದಿದ್ದಾರೆ. “ಯಜಮಾನರೇ ಬಂದು ಕೂತು ಬಾರಿಸಿದ್ರೆ ನಮ್ಮ ಮಾನ ಉಳಿಯತ್ತೆ. ಅವರ ಕೈ ಅಂದ್ರೆ ಗಡಿಯಾರ. ಈಗಂತೂ ಮೊದಲಿಗಿಂತ ಚೆನ್ನಾಗಿ ಬಾರಿಸ್ತಿದಾರೆ.”

ಮಾವ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡರು. ಅವಳು ಬೇಡ ಅನ್ನುವಷ್ಟರಲ್ಲಿ ಫೋನ್ ಕಿತ್ತುಕೊಂಡು, “ಎಷ್ಟು ಗಂಟೆಗೆ ಬರ್ಲಿ?” ಅಂದರು. ಹೋಗಿ ಬೀರುವಿನಿಂದ ಕೋಟು ತೆಗೆದು ಬಿಸಿಲಿಗೆ ಹಾಕಿದರು. ಮತ್ತೆ ಬಂದು, “ಇಪ್ಪತ್ತು ವರ್ಷ ಆಯ್ತು ಜನರ ಮುಂದೆ ಕೂತು” ಅಂದರು. ಆಮೇಲೆ ಮಲಗಿದರು.

ಅವಳಿಗೆ ಹೆದರಿಕೆ ಆಗಬೇಕಿತ್ತು. ಎರಡು ಲೋಟ ತೊಳೆದಳು, ಒಣಬಟ್ಟೆ ಮಡಚಿದಳು. ಮಡಚುವಾಗ ಮಾವನ ಅಂಗಿಗಳ ತೋಳಿನ ಗುಂಡಿಗಳು ಕಣ್ಣಿಗೆ ಬಿದ್ದವು. ಬಹಳ ದಿನದಿಂದ ಅವರು ಅವನ್ನು ಹಾಕುತ್ತಿರಲಿಲ್ಲ. ಎರಡೂ ತೋಳು ಮಡಚಿ ಮೇಲೇರಿಸುತ್ತಿದ್ದರು. ಸೆಕೆ ಅಂದುಕೊಂಡಿದ್ದಳು. ಬಲತೋಳಿನ ಗುಂಡಿ ಹಾಕಬೇಕಾದ್ದು ಎಡಗೈ ಅಲ್ಲವೆ ಅನ್ನುವುದು ಈಗ ಹೊಳೆಯಿತು. ಎಡದ್ದನ್ನು ಬಲಗೈ ಹಾಕಬಲ್ಲದು. ಆದರೆ ಒಂದು ತೋಳು ಮಡಚಿ ಇನ್ನೊಂದು ಬಿಡುವವರು ಯಾರು? ಬಟ್ಟೆಯನ್ನು ಕಪಾಟಿನಲ್ಲಿಟ್ಟು ಹಿಂದಿನ ಕೋಣೆಗೆ ಹೋದಳು.

ಕೈ ನಿಜವಾಗಿ ಎಷ್ಟು ಕೆಟ್ಟಿದೆ ಅಂತ ತಿಳಿಯಬೇಕಿತ್ತು. ಆದರೆ ಕಳಿಸಿದ ತುಣುಕುಗಳಿಗೆಲ್ಲ ಇಸ್ತ್ರಿಯಾಗಿತ್ತು. ಮುಗಿದ ಮೇಲೆ ಹಳೆಯದನ್ನು ಉಳಿಸುವ ಪದ್ಧತಿ ಇರಲಿಲ್ಲ, ತಾನೇ ಅಳಿಸಿದ್ದಳು. ಇಸ್ತ್ರಿ ಕಾಣದ ಫೈಲು ಆ ಕಂಪ್ಯೂಟರಿನಲ್ಲಿ ಒಂದೇ ಒಂದು ಇತ್ತು. ಬೆಳಗಿನ ಫೈಲು.

ಅದು ಗಂಡ ಮಾಡಿಟ್ಟು ಹೋದ ಏರ್ಪಾಡು. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದೊಡನೆ ಈ ಫೈಲು ತೆರೆಯುತ್ತದೆ. ಕೀಬೋರ್ಡಿನ ಯಾವ ಕೀ ಮುಟ್ಟಿದರೂ ರೆಕಾರ್ಡ್ ಶುರುವಾಗುತ್ತದೆ. ಮಾವ ಬೆರಳು ಬಿಸಿಮಾಡಿಕೊಳ್ಳಲು ಎರಡೂ ಕೈಯಲ್ಲಿ ಎಂಟು ಸುತ್ತಿನ ಒಂದು ಪಾಠ ಬಾರಿಸುತ್ತಾರೆ, ಅದು ನಿನ್ನೆಯದರ ಮೇಲೇ ಕೂರುತ್ತದೆ. ಸದ್ದು ಬರುತ್ತಿದೆ, ವೈರು ಸರಿಯಿದೆ ಅಂತ ಖಾತ್ರಿಯಾದರೆ ಮುಗಿಯಿತು. ಯಾರೂ ಅದನ್ನು ಕೇಳುವುದಿಲ್ಲ. ಆ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟಿರುತ್ತಾಳೆ; ಮಾವ ಹೆಡ್‌ಫೋನ್ ಹಾಕಿರುವುದರಿಂದ ಕೀಗಳ ಟಕಟಕ ಬಿಟ್ಟು ಅಲ್ಲಿಗೆ ಏನೂ ಕೇಳಿಸದು.

ಫೈಲು ತೆರೆದಳು. ಈ ಬೆಳಗಿನ ಪಾಠ. ಬಲಗೈಯ ಪಟ್ಟಿಗಳು ಗೆರೆಯ ಮೇಲೆ ಕೂತಿದ್ದವು. ಎಡಗೈಯವು ಒಂದೊಂದೂ ಗೆರೆ ದಾಟಿ ಬಲಕ್ಕೆ ಬಿದ್ದಿದ್ದವು. ಅಳೆದಳು: ತೊಂಬತ್ತು, ತೊಂಬತ್ತೈದು ಮಿಲಿಸೆಕೆಂಡ್. ಹತ್ತಿರ ಹತ್ತಿರ ಸೆಕೆಂಡಿನ ಹತ್ತನೇ ಒಂದು ಭಾಗ. ಬಾಯಲ್ಲಿ ಹೇಳುವಾಗ ಏನೂ ಅಲ್ಲ. ಕಿವಿಗೆ, ಒಬ್ಬ ಬಾಗಿಲು ಬಡಿದ ಮೇಲೆ ಇನ್ನೊಬ್ಬ ಬಂದು ಬಡಿದಂತೆ.

ಪರದೆಯ ಮೇಲೆ ಕಂಡದ್ದು ಹಿಡಿಸದಿದ್ದರೆ ಅವಳ ಬೆರಳು ತಾನಾಗಿ, ಮಾಡಿದ್ದನ್ನು ಒಂದೊಂದು ಹೆಜ್ಜೆ ಹಿಂದಕ್ಕೆ ತೆಗೆಯುವ ಅನ್‌ಡೂ ಗುಂಡಿಯ ಮೇಲೆ ಹೋಗುತ್ತದೆ. ಈಗಲೂ ಹೋಯಿತು. ಪಟ್ಟಿಗಳು ಮಿಣಕ್ಕೆಂದು ಅಲುಗಾಡಿದವು. ಅದೇ ಪಾಠ, ಆದರೆ ಬೇರೆ ಪಟ್ಟಿಗಳು. ಅವಳು ಏನನ್ನೂ ತಿದ್ದಿರಲಿಲ್ಲವಲ್ಲ, ಹಿಂದಕ್ಕೆ ಹೋದದ್ದು ಏನು? ಪಕ್ಕದಲ್ಲಿದ್ದ ಅನ್‌ಡೂ ಪಟ್ಟಿ ನೋಡಿದಳು. ‘ರೆಕಾರ್ಡ್, ರೆಕಾರ್ಡ್, ರೆಕಾರ್ಡ್’ ಅಂತ ಸಾಲು ಕೆಳಗಿಳಿದಿತ್ತು, ಪ್ರತಿಯೊಂದರ ಮುಂದೆ ತಾರೀಖು. ಒಮ್ಮೆ ಯಾವುದನ್ನೋ ಕಳೆದುಕೊಂಡು ಪರದಾಡಿದ್ದ ಗಂಡ, ಫೈಲು ಮುಚ್ಚಿದರೂ ಅನ್‌ಡೂ ಪಟ್ಟಿ ಅಳಿಯದಂತೆ ಮಾಡಿದ್ದ. ಇನ್ನೂರು ಹೆಜ್ಜೆ ನೆನಪಿಡುವಂತೆ. ಒಂದರ ಮೇಲೊಂದು ಬಾರಿಸಿದ ಪ್ರತಿ ಬೆಳಗೂ ಕೆಳಗೆ ಹಾಗೇ ಇತ್ತು.

ಅವಳು ಮತ್ತೆ ಒತ್ತಿದಳು. ಸೋಮವಾರ. ಮತ್ತೆ. ಶನಿವಾರ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಕೈಗೆ ಸಿಕ್ಕಿದ ಲಕೋಟೆಯ ಹಿಂಭಾಗದಲ್ಲಿ ತಾರೀಖು ಮತ್ತು ಅಂಕಿ ಬರೆಯತೊಡಗಿದಳು. ಹತ್ತು ಹೆಜ್ಜೆ ಹಿಂದೆ ಎಂಬತ್ತು. ಇಪ್ಪತ್ತೈದು ಹೆಜ್ಜೆ ಹಿಂದೆ ಅರವತ್ತು. ನಲವತ್ತೆರಡು ಹಿಂದೆ, ಅವಳು ಮೊದಲ ಸಲ ಇಸ್ತ್ರಿ ಹಾಕಿದ ದಿನ, ಮೂವತ್ತೈದು. ಹಿಂದೆ ಹಿಂದೆ ಹೋದಂತೆ ಎಡಗೈ ಬಲಗೈಯ ಸಮೀಪಕ್ಕೆ ಬರುತ್ತಿತ್ತು. ಇಲ್ಲಿ ಕೂತು ಒಂದು ಗುಂಡಿ ಒತ್ತುತ್ತಾ ಅವಳು ಮಾವನನ್ನು ವಾಸಿ ಮಾಡುತ್ತಿರುವಂತಿತ್ತು. ಅರವತ್ತೆಂಟನೆಯ ಹೆಜ್ಜೆಯಲ್ಲಿ ಎರಡೂ ಕೈ ಒಟ್ಟಿಗೆ ಬಿದ್ದವು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಖಾತ್ರಿಗೆ ಅಂತ ಇನ್ನೂ ಹಿಂದಕ್ಕೆ ಹೋದಳು. ನೂರು, ನೂರಿಪ್ಪತ್ತು, ಎಲ್ಲ ಸರಿ. ನೂರಿಪ್ಪತ್ತೆಂಟರಲ್ಲಿ ಪಾಠ ಮುಗಿದ ಮೇಲೆ, ಬಲತುದಿಯಲ್ಲಿ, ಬಹಳ ಮೇಲೆ, ಎರಡು ಸಣ್ಣ ಪಟ್ಟಿಗಳು ಕಂಡವು. ಅದಕ್ಕೂ ಹಿಂದಿನ ದಿನವೂ ಅವು ಇದ್ದವು. ಅದರ ಹಿಂದೆಯೂ. ಕೇಳದೆಯೇ ಅವಳಿಗೆ ಗೊತ್ತಾಯಿತು. ಅಪ್ಪ ಪಾಠ ಮುಗಿಸುತ್ತಿದ್ದಂತೆ ಗಂಡ ಹಿಂದಿನಿಂದ ಬಗ್ಗಿ ಬಾಗಿಲ ಗಂಟೆಯಂತೆ ಟಿಂಗ್‌ಟಾಂಗ್ ಅನ್ನಿಸುತ್ತಿದ್ದ. “ಯಾರೋ ಬಂದ್ರು ನೋಡಪ್ಪ” ಅನ್ನುತ್ತಿದ್ದ. ದಿನಾ ಅದೇ ತಮಾಷೆ; ಕಾಫಿ ತರುವಾಗ ಅವಳು ಎಷ್ಟೋ ಸಲ ನೋಡಿದ್ದಳು. ಅವಳು ಪಟ್ಟಿಗಳನ್ನು ದೊಡ್ಡದು ಮಾಡಿ ನೋಡಿದಳು. ಗೆರೆಯ ಮೇಲೆ ಸರಿಯಾಗಿ ಕೂತಿದ್ದವು. ಅವನು ತಾಳಕ್ಕೆ ಎಂದೂ ತಪ್ಪಿದವನಲ್ಲ. ಏನಾದರೂ ಅನ್ನಿಸುತ್ತದೆಯೇ ಅಂತ ಒಂದು ನಿಮಿಷ ಕಾದಳು. ಮುಂದಕ್ಕೆ ಒತ್ತುತ್ತಾ ಅರವತ್ತೆಂಟಕ್ಕೆ ವಾಪಸು ಬಂದಳು.

ಬಾಗಿಲು ತೆರೆಯಿತು. ಮಾವ. ನಿದ್ದೆಯಿಂದೆದ್ದ ಕೆನ್ನೆಯ ಮೇಲೆ ದಿಂಬಿನ ಗೀರು, ಹೆಗಲ ಮೇಲೆ ಬಿಸಿಲಿಗೆ ಕಾಯಿಸಿದ ಕೋಟು.

“ಏನಮ್ಮ ಇನ್‌ಸ್ಪೆಕ್ಟರಮ್ಮ, ಯಾರ ಜೇಬು ತಡಕ್ತಿದೀಯಾ? ಏಳು ಏಳು, ಶನಿವಾರಕ್ಕೆ ಸ್ವಲ್ಪ ಕೈ ಆಡಿಸ್ಬೇಕು.”

ಅವರು ಕೀಬೋರ್ಡಿನ ಮುಂದೆ ಕೂತೇ ಬಿಟ್ಟರು. ಬಲಗೈ ಮೇಲೆದ್ದಿತು.

ಹಿಂದಕ್ಕೆ ಹೋಗಿ ನಿಂತ ಫೈಲಿನಲ್ಲಿ ಹೊಸದಾಗಿ ಒಂದು ಸ್ವರ ಬಿದ್ದರೂ ಮುಂದಿನ ಹೆಜ್ಜೆಗಳೆಲ್ಲ ಅಳಿಸಿಹೋಗುತ್ತವೆ. ಅರವತ್ತೆಂಟು ಬೆಳಗುಗಳು ಒಂದು ಕೀಯ ಸದ್ದಿಗೆ ಇಲ್ಲವಾಗುತ್ತವೆ. ಲಕೋಟೆ ಒಂದನ್ನು ಮಡಚಿ ಕಸಕ್ಕೆ ಹಾಕಿದರೆ ಆಯಿತು. ಎಡಗೈ ತಪ್ಪಿದ್ದಕ್ಕೆ ಸಾಕ್ಷಿ ಇಲ್ಲ, ಅವಳು ತಿದ್ದಿದ್ದಕ್ಕೂ ಇಲ್ಲ. ಸುಮ್ಮನಿರುವುದು ಎಷ್ಟು ಸುಲಭ ಅನ್ನುವುದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಐದು ತಿಂಗಳಿಂದ ಅವಳು ಮಾಡುತ್ತಿದ್ದದ್ದೂ ಅದೇ.

“ಮಾವ, ಮುಟ್ಟಬೇಡಿ.”

ಧ್ವನಿ ಜೋರಾಯಿತೇನೋ. ಕೈ ಗಾಳಿಯಲ್ಲೇ ನಿಂತಿತು.

“ಕರೆಂಟ್ ಹೊಡಿಯತ್ತಾ?”

“ಇಲ್ಲ. ಇದನ್ನ ಒಂದ್ಸಲ ಕೇಳಿ. ಇದು ನೀವು ಬಾರಿಸಿದ್ದು. ಎರಡೂವರೆ ತಿಂಗಳ ಹಿಂದೆ.”

ಸ್ಪೀಕರಿನಲ್ಲಿ ಹಾಕಿದಳು. ಎಂಟು ಸುತ್ತು. ಮಾವ ಗಡ್ಡ ಕೆರೆದುಕೊಂಡು, “ಚೆನ್ನಾಗಿದೆ. ಏನೀಗ?” ಅಂದರು.

ಅವಳು ಐದೈದು ದಿನ ಮುಂದಕ್ಕೆ ಒತ್ತುತ್ತಾ ಕೇಳಿಸಿದಳು. ನಾಲ್ಕನೆಯದಕ್ಕೆ ಮಾವ ತಲೆ ವಾರೆ ಮಾಡಿದರು. ಏಳನೆಯದು ಮುಗಿದಾಗ, “ಇದ್ಯಾರು ಬಾರಿಸಿದ್ದು?” ಅಂದರು.

“ನೀವೇ.”

“ಆ ಕೇಬಲ್...”

“ಕೇಬಲ್‌ದು ಏನೂ ತಪ್ಪಿಲ್ಲ ಮಾವ. ಮಿಷನ್ ಎಳೆದ್ರೆ ಎರಡೂ ಕೈ ಎಳೀಬೇಕಿತ್ತು.”

“ಮತ್ತೆ ನಾವು ಕಳಿಸಿದ್ದೆಲ್ಲ ಸರಿಯಾಗೇ ಇತ್ತಲ್ಲ. ಸಂಜೆ ಸಂಜೆ ನಾನೇ ಕೇಳ್ತಿದ್ದೆ.”

“ನಾನು ಇಸ್ತ್ರಿ ಹಾಕ್ತಿದ್ದೆ.”

ಮಾವ ಅವಳನ್ನೇ ನೋಡಿದರು. ಬೈಯುತ್ತಾರೆ ಅಂತ ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಅವರು ಕೋಟನ್ನು ಹೆಗಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಅಂಗಿ ಗುಂಡಿ ಹಾಕೋಕೆ ಆಗ್ತಿರಲಿಲ್ಲ” ಅಂದರು. “ಎರಡು ತಿಂಗಳಿಂದ. ಚಪಾತಿ... ಅಲ್ಲ, ಎಂಥದ್ದು, ಪೇಸ್ಟಿನ ಟ್ಯೂಬು ಹಿಂಡೋಕೂ ಆಗ್ತಿರಲಿಲ್ಲ. ಡಾಕ್ಟರ ಹತ್ರ ಹೋಗ್ಬೇಕು ಅಂತ ಬೆಳಿಗ್ಗೆ ಅನ್ಕೊಳ್ತಿದ್ದೆ. ಸಂಜೆ ನೀನು ಟ್ರ್ಯಾಕ್ ಕೇಳಿಸ್ತಿದ್ದೆ. ಕೇಳಿದ್ರೆ ಕೈ ಕಲ್ಲುಗುಂಡಿನ ಹಾಗಿದೆ! ಇಷ್ಟು ನಾಜೂಕು ಕೆಲಸ ಮಾಡೋ ಬೆರಳಿಗೆ ಗುಂಡಿ ಯಾವ ಲೆಕ್ಕ, ಎಲ್ಲ ನನ್ನ ಭ್ರಮೆ ಅಂತ ಸುಮ್ಮನಾಗ್ತಿದ್ದೆ.”

ಅವಳಿಗೆ ಇದು ಹೊಳೆದೇ ಇರಲಿಲ್ಲ. ಗಿರಾಕಿಗಳಿಂದ ಬಚ್ಚಿಟ್ಟೆ, ಅಮ್ಮನಿಂದ ಬಚ್ಚಿಟ್ಟೆ ಅಂದುಕೊಂಡಿದ್ದಳು. ಕೈಯ ಸುದ್ದಿಯನ್ನು ಕೈಯ ಯಜಮಾನರಿಂದಲೇ ಬಚ್ಚಿಟ್ಟಿದ್ದಳು.

“ಯಾಕೆ ಮಾಡ್ದೆ?” ಅಂದರು ಮಾವ. ಸಿಟ್ಟಿರಲಿಲ್ಲ, ಗಂಟೆ ಎಷ್ಟು ಅಂತ ಕೇಳಿದ ಹಾಗಿತ್ತು.

“ನೀವು ಬಾರಿಸೋದು ನಿಂತ್ರೆ ನಾನಿಲ್ಲಿ ಇರೋಕೆ ಕಾರಣ ಇರಲ್ಲ. ಅದಕ್ಕೆ.”

ಮಾವ ಎಡಗೈಯನ್ನು ಬೆಳಕಿಗೆ ಹಿಡಿದು ಮುಂದೆ ಹಿಂದೆ ತಿರುಗಿಸಿ ನೋಡಿದರು, ಬೇರೆಯವರ ಸಾಮಾನನ್ನು ನೋಡುವಂತೆ.

“ಎರಡು ಕೇಬಲ್ ತಂದು ಹಾಕಿದ್ಯಲ್ಲ.”

“ಹೂಂ.”

“ಎರಡನೇದು ತುಂಬ ಚೆನ್ನಾಗಿದೆ ಅಂದಿದ್ದೆ ನಾನು.”

“ಅಂದಿದ್ರಿ.”

ಇಬ್ಬರೂ ನಗಲಿಲ್ಲ; ಆದರೆ ನಗಬಹುದಾಗಿದ್ದ ಜಾಗ ಅದು ಅನ್ನುವುದು ಇಬ್ಬರಿಗೂ ಗೊತ್ತಾಯಿತು.

“ಟೀಚರಮ್ಮನಿಗೆ ಫೋನ್ ಹಾಕು” ಅಂದರು. “ಶನಿವಾರ ಆಗಲ್ಲ ಅನ್ನು. ಯಾಕೆ ಅಂದ್ರೆ ಮಿಷನ್ ಕೆಟ್ಟಿದೆ ಅನ್ನು.” ಅವಳು ನಂಬರ್ ಒತ್ತುತ್ತಿರುವಾಗ ತಡೆದರು. “ಬೇಡ. ಕೈ ಕೆಟ್ಟಿದೆ ಅನ್ನು.”

ಶುಕ್ರವಾರ ಬೆಳಿಗ್ಗೆ ಆಸ್ಪತ್ರೆ. ಉದ್ದನೆಯ ಹಜಾರ, ನೆಲ ಒರೆಸಿದ ಫಿನೈಲಿನ ವಾಸನೆ, ಒಂದಕ್ಕೊಂದು ಕಟ್ಟಿಹಾಕಿದ ಕಬ್ಬಿಣದ ಕುರ್ಚಿಗಳು. ಕಿಟಕಿಯ ಹಿಂದಿನ ಗುಮಾಸ್ತೆ ತಲೆಯೆತ್ತದೆ ಫಾರ್ಮು ತುಂಬುತ್ತಿದ್ದಳು.

“ಜೊತೆಗೆ ಬಂದವರು ಯಾರು?”

“ನಾನು.”

“ರೋಗಿಗೆ ಏನಾಗಬೇಕು ನೀವು?”

ಅವಳು ಫಾರ್ಮಿನ ಆ ಖಾಲಿ ಗೆರೆಯನ್ನು ನೋಡಿದಳು. ಸರಳ ಪ್ರಶ್ನೆ. ಹಿಂದಿನ ಸಾಲಿನವರು ಕೆಮ್ಮಿದರು.

“ಸೊಸೆ” ಅಂದರು ಮಾವ, ಕಿಟಕಿಯ ಕಂಡಿಗೆ ಬಗ್ಗಿ. “ಬರ್ಕೊಳ್ಳಿ. ಮಗ ಬಿಟ್ಟು ಹೋಗಿದಾನೆ, ಸೊಸೆ ಇದಾಳೆ. ಇನ್ನು ಮುಂದೂ ಇವಳೇ ಬರ್ತಾಳೆ.”

“ಅಷ್ಟೆಲ್ಲ ಬರಿಯೋಕೆ ಜಾಗ ಇಲ್ಲ ಸಾರ್ ಇದ್ರಲ್ಲಿ.”

“ಸೊಸೆ ಅನ್ನೋದಕ್ಕೆ ಜಾಗ ಇದೆಯಲ್ಲ, ಸಾಕು.”

ಗುಮಾಸ್ತೆ ಬರೆದಳು. ಎರಡೇ ಅಕ್ಷರ. ಕಿಟಕಿಯ ಈಚೆಯಿಂದ ಅವಳು ಅದನ್ನು ತಲೆಕೆಳಗಾಗಿ ಓದಿದಳು. ಎಲ್ಲೋ ಒಳಗೆ, ಬಹಳ ಕೆಳಗೆ, ಜೋಮು ಬಿಡುವಾಗ ಮೊದಲು ಚುಚ್ಚುವಂಥದ್ದು ಏನೋ ಒಮ್ಮೆ ಚುಚ್ಚಿ ಸುಮ್ಮನಾಯಿತು.

ಡಾಕ್ಟರು ಅವಳಿಗಿಂತ ಚಿಕ್ಕವರಿದ್ದರು. ಮಾವನನ್ನು ಎದುರಿಗೆ ಕೂರಿಸಿಕೊಂಡು, “ಯಾವಾಗಿಂದ ಹೀಗೆ? ಅಂದಾಜು ಹೇಳಿ ಸಾಕು” ಅಂದರು.

ಮಾವ ಸೊಸೆಯ ಕಡೆ ನೋಡಿದರು. ಅವಳು ಲಕೋಟೆಯಿಂದ ಚೆನ್ನಾಗಿ ನಕಲು ಮಾಡಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟಳು. ಅರವತ್ತೆಂಟು ಸಾಲು, ಒಂದೊಂದಕ್ಕೂ ತಾರೀಖು, ಮುಂದೆ ಎಡಗೈ ಎಷ್ಟು ತಡ ಅನ್ನುವ ಅಂಕಿ. “ಭಾನುವಾರ ಮಾತ್ರ ಇಲ್ಲ” ಅಂದಳು. “ಭಾನುವಾರ ನಾವು ಬಾರಿಸಲ್ಲ.”

ಡಾಕ್ಟರು ಹಾಳೆಯನ್ನು ಮೇಲಿಂದ ಕೆಳಗೆ ಓದಿದರು, ಮತ್ತೆ ಮೇಲಿಂದ ಓದಿದರು. ಇದನ್ನು ಯಾರು ಅಳೆದರು ಅಂತ ಕೇಳಿದರು. ಅವಳು ಹೇಳಿದಳು. ಹಾಗಾದರೆ ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಕೇಳಿದರು.

“ನಾನು ಬಚ್ಚಿಟ್ಟಿದ್ದೆ” ಅಂದಳು ಅವಳು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. “ಸ್ಕ್ಯಾನ್ ಮಾಡ್ಸೋಣ. ಬೇಗ ಬಂದಿದ್ರೆ ಏನಾಗ್ತಿತ್ತು ಅಂತ ಈಗ ನಾನು ಹೇಳೋಕಾಗಲ್ಲ.” ಆಮೇಲೆ ಮಾವನ ಕಡೆ ತಿರುಗಿದರು. “ಎರಡೂ ಕೈ ಮೇಜಿನ ಮೇಲಿಡಿ. ನಾನು ಎಣಿಸ್ತೀನಿ. ಒಂದು ಎಣಿಕೆಗೆ ಒಂದ್ಸಲ, ಎರಡೂ ತೋರುಬೆರಳು ಒಟ್ಟಿಗೆ ತಟ್ಟಿ. ಒಟ್ಟಿಗೆ.”

ಮಾವ ಬೆನ್ನು ನೆಟ್ಟಗೆ ಮಾಡಿದರು. ಜನರ ಮುಂದೆ ಕೂತವರಂತೆ ಗಂಟಲು ಸರಿಮಾಡಿಕೊಂಡರು. ಮೈಮೇಲೆ ಆ ಕೋಟು ಇತ್ತು. ತೋಳಿನ ಗುಂಡಿಗಳನ್ನು ಬೆಳಿಗ್ಗೆ ಅವಳು ಹಾಕಿದ್ದಳು.

“ಒಂದು” ಅಂದರು ಡಾಕ್ಟರು.

ಟಕ್. ಟಕ್.

“ಎರಡು.”

ಟಕ್. ಟಕ್.

ಮೇಜಿನ ಈಚೆ, ಮಡಿಲಿನಲ್ಲಿ ಸುಮ್ಮನೆ ಬಿದ್ದಿದ್ದ ಅವಳ ತೋರುಬೆರಳು ತಾನಾಗಿ ಮೇಲೆದ್ದು ಇಸ್ತ್ರಿಯ ಗುಂಡಿಯನ್ನು ಹುಡುಕಿತು. ಅವಳು ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡಳು. ಹಿಡಿದುಕೊಂಡೇ, ಪ್ರತಿ ಎಣಿಕೆಗೂ ಹಿಂದೆ ಬೀಳುವ ಆ ಎರಡನೇ ಸದ್ದನ್ನು ಹತ್ತರವರೆಗೂ ಕೇಳಿಸಿಕೊಂಡಳು.